ಹರಳನ್ನು ಒತ್ತಿದರೆ ಏನಾಗುತ್ತದೆ? ಹೈ ಪ್ರೆಷರ್ ರಾಮನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈ ಪ್ರೆಷರ್ ಲ್ಯಾಬಿಗೆ ಹೊಸದಾಗಿ ಬಂದವರು, ಬರೋಣವಾ ಬೇಡವಾ ಅಂತ ಯೋಚಿಸುತ್ತಿರುವ ಎಂಎಸ್ಸಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ರಾಮನ್ ಅಂದರೆ ಇಲ್ಲಿ ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅಂತ ನೋಡಿ ಒಳಗಿನ ಕಂಪನ ತಿಳಿಯುವ ವಿಧಾನ. ಜಾಸ್ತಿ ಅದರ ಬಗ್ಗೆಯೇ ಬರೆದಿದ್ದೇನೆ, ಇನ್‌ಫ್ರಾರೆಡ್ ಬಗ್ಗೆ (ಹರಳು ಯಾವ ಅವಗೆಂಪು ಬೆಳಕನ್ನು ಹೀರುತ್ತದೆ ಅಂತ ನೋಡುವುದು) ಸ್ವಲ್ಪ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒತ್ತಡವನ್ನು ಎಷ್ಟು ಮೇಲಕ್ಕೆ ಏರಿಸಿದಿರಿ ಅನ್ನುವುದು ದೊಡ್ಡದಲ್ಲ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದಿರಾ, ಇಳಿಸುವಾಗಲೂ ಅಷ್ಟೇ ತಾಳ್ಮೆಯಿಂದ ನೋಡಿದಿರಾ ಅನ್ನುವುದು ದೊಡ್ಡದು.

ಹರಳನ್ನು ಬಿಸಿ ಮಾಡಿ ನೋಡಿದರೆ ಸಾಲದಾ? ಒತ್ತಬೇಕು ಯಾಕೆ?

ಬಿಸಿ ಮಾಡಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಪರಮಾಣುಗಳು ಜೋರಾಗಿ ಕಂಪಿಸುತ್ತವೆ, ಜೊತೆಗೆ ಅವುಗಳ ನಡುವಿನ ದೂರವೂ ಬದಲಾಗುತ್ತದೆ. ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಒತ್ತಡದಲ್ಲಿ ಉಷ್ಣತೆ ಹಾಗೇ ಇರುತ್ತದೆ, ದೂರ ಮಾತ್ರ ಕಡಿಮೆಯಾಗುತ್ತದೆ. ಅದೂ ಸಣ್ಣ ಬದಲಾವಣೆ ಅಲ್ಲ. ಗಟ್ಟಿ ಸಿಲಿಕಾನ್ ಕೂಡ 10 ಗಿಗಾಪ್ಯಾಸ್ಕಲ್‌ನಲ್ಲಿ ಸುಮಾರು 8 ಪರ್ಸೆಂಟ್ ಕುಗ್ಗುತ್ತದೆ. ಅಡುಗೆ ಉಪ್ಪಿನ ಹರಳು ಅದೇ ಒತ್ತಡದಲ್ಲಿ ತನ್ನ ಗಾತ್ರದ ಐದನೇ ಒಂದು ಭಾಗವನ್ನೇ ಕಳೆದುಕೊಳ್ಳುತ್ತದೆ. ಪರಮಾಣುಗಳು ಅಷ್ಟು ಹತ್ತಿರ ಬಂದಾಗ ಹಳೆಯ ಜೋಡಣೆ ಅವಕ್ಕೆ ಅನುಕೂಲವಾಗುವುದಿಲ್ಲ, ಬೇರೆ ಜೋಡಣೆಗೆ ಜಿಗಿಯುತ್ತವೆ.

ಇನ್ನೊಂದು ಕಾರಣ ನಮ್ಮ ಕಾಲ ಕೆಳಗೇ ಇದೆ. ಭೂಮಿಯೊಳಗೆ ಸುಮಾರು 410 ಕಿಲೋಮೀಟರ್ ಆಳದಲ್ಲಿ ಭೂಕಂಪದ ಅಲೆಗಳ ವೇಗ ಇದ್ದಕ್ಕಿದ್ದಂತೆ ಏರುತ್ತದೆ, 660 ಕಿಲೋಮೀಟರ್‌ನಲ್ಲಿ ಮತ್ತೊಮ್ಮೆ ಏರುತ್ತದೆ. ಮೊದಲನೆಯದಕ್ಕೆ ಕಾರಣ ಆಲಿವಿನ್ ಖನಿಜ ವಾಡ್ಸ್‌ಲಿಯೈಟ್ ಆಗುವುದು. ಅದು ಇನ್ನೂ ಕೆಳಗೆ ರಿಂಗ್‌ವುಡೈಟ್ ಆಗುತ್ತದೆ, 660ರ ಹತ್ತಿರ ಆ ರಿಂಗ್‌ವುಡೈಟ್ ಕೂಡ ಒಡೆದು ಬೇರೆ ಖನಿಜಗಳಾಗುತ್ತದೆ. ಅಲ್ಲಿಗೆ ಹೋಗಿ ನೋಡಲು ಯಾರಿಂದಲೂ ಆಗುವುದಿಲ್ಲ, ಅದಕ್ಕೇ ಆ ಒತ್ತಡವನ್ನು ಮೇಜಿನ ಮೇಲೆ ತರಬೇಕು.

ಗಿಗಾಪ್ಯಾಸ್ಕಲ್ ಅಂದರೆ ಎಷ್ಟು?

1 ಗಿಗಾಪ್ಯಾಸ್ಕಲ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಮರಿಯಾನಾ ಕಂದಕದ ತಳದಲ್ಲಿ ಇರುವುದು ಸುಮಾರು 0.11 ಗಿಗಾಪ್ಯಾಸ್ಕಲ್ ಅಷ್ಟೇ. ಭೂಮಿಯ ನಡುಮಧ್ಯದಲ್ಲಿ ಸುಮಾರು 364. ಲ್ಯಾಬಿನಲ್ಲಿ ದಿನನಿತ್ಯದ ರಾಮನ್ ಕೆಲಸ ಬಹುಪಾಲು 0ರಿಂದ 30ರ ನಡುವೆಯೇ ಮುಗಿಯುತ್ತದೆ.

ಅಷ್ಟು ಒತ್ತಡ ಹುಟ್ಟಿಸಲು ದೊಡ್ಡ ಯಂತ್ರ ಬೇಕಾ?

ಬೇಡ. ಇಡೀ ಸಾಧನ ಅಂಗೈಯಲ್ಲಿ ಕೂರುತ್ತದೆ. ಅದರ ಹೆಸರು ಡೈಮಂಡ್ ಆನ್ವಿಲ್ ಸೆಲ್, ಲ್ಯಾಬಿನಲ್ಲಿ ಎಲ್ಲರೂ ಡಿಎಸಿ ಅನ್ನುತ್ತಾರೆ. ಎರಡು ವಜ್ರಗಳ ಚೂಪು ತುದಿಗಳನ್ನು ಸಣ್ಣದಾಗಿ ಚಪ್ಪಟೆ ಮಾಡಿ ಎದುರುಬದುರು ಇಟ್ಟಿರುತ್ತಾರೆ. ಆ ಚಪ್ಪಟೆ ಮುಖವೇ ಕ್ಯೂಲೆಟ್. ಅದರ ಅಡ್ಡಳತೆ 0.3 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದರ ಮೇಲೆ 10 ಗಿಗಾಪ್ಯಾಸ್ಕಲ್ ಬರಲು ಬೇಕಾಗುವ ಬಲ ಸುಮಾರು 700 ನ್ಯೂಟನ್, ಅಂದರೆ 72 ಕೆಜಿ ತೂಕದ ಒಬ್ಬ ಮನುಷ್ಯನ ಭಾರ! ಘರ್ಷಣೆ, ಗ್ಯಾಸ್ಕೆಟ್ ಎಲ್ಲ ಸೇರಿ ನಿಜವಾಗಿ ಇನ್ನೂ ಜಾಸ್ತಿ ಬೇಕಾಗುತ್ತದೆ, ಆದರೂ ಸ್ಕ್ರೂ ತಿರುಗಿಸಿಯೇ ಕೊಡಬಹುದಾದಷ್ಟು ಬಲ ಇದು.

ವಜ್ರಗಳ ನಡುವೆ ಸ್ಟೀಲ್ ಅಥವಾ ರೀನಿಯಂನ ತೆಳು ಹಾಳೆ ಇರುತ್ತದೆ, ಅದೇ ಗ್ಯಾಸ್ಕೆಟ್. ಅದನ್ನು ಮೊದಲು ವಜ್ರದಿಂದಲೇ ಒತ್ತಿ 40–50 ಮೈಕ್ರಾನ್‌ಗೆ ಇಳಿಸಿ, ಸರಿಯಾಗಿ ನಡುವೆ 100–150 ಮೈಕ್ರಾನ್‌ನ ತೂತು ಕೊರೆಯುತ್ತೇವೆ. ಆ ತೂತೇ ನಮ್ಮ ಪ್ರಯೋಗದ ಕೋಣೆ, ಅದರೊಳಗೆ ಒಂದು ನ್ಯಾನೋಲೀಟರ್‌ನಷ್ಟು ದ್ರವವೂ ಹಿಡಿಯುವುದಿಲ್ಲ. ಸ್ಯಾಂಪಲ್, ಒತ್ತಡ ಅಳೆಯಲು ಒಂದು ಚೂರು ಮಾಣಿಕ್ಯ, ದ್ರವ, ಮೂರೂ ಅದರಲ್ಲೇ ಕೂರಬೇಕು. ತೂತು ನಡುವಿನಿಂದ ಸ್ವಲ್ಪ ಸರಿದಿದ್ದರೂ ಒತ್ತಡ ಏರಿದ ಹಾಗೆ ಅದು ಒಂದು ಕಡೆಗೆ ಓಡಲು ಶುರುಮಾಡುತ್ತದೆ. ಓಡಿದರೆ ಆ ಲೋಡಿಂಗ್ ಅಲ್ಲಿಗೇ ಬಿಡಿ, ಎಳೆದಾಡಬೇಡಿ. ವಜ್ರಕ್ಕೆ ಪೆಟ್ಟಾಗುತ್ತದೆ.

ಇದು ಎಲ್ಲಿ ಹುಟ್ಟಿತು?

ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ, 1950ರ ದಶಕದ ಕೊನೆಗೆ. ಚಾರ್ಲ್ಸ್ ವಿಯರ್, ಎಲ್ಲಿಸ್ ಲಿಪಿನ್‌ಕಾಟ್, ಆಲ್ವಿನ್ ವ್ಯಾನ್ ವಾಲ್ಕೆನ್‌ಬರ್ಗ್, ಎಲ್ಮರ್ ಬಂಟಿಂಗ್ ಎಂಬ ನಾಲ್ವರು 1959ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಅವರು ಅದನ್ನು ಮೊದಲು ಬಳಸಿದ್ದೇ ಸ್ಪೆಕ್ಟ್ರೋಸ್ಕೋಪಿಗೆ, ಇನ್‌ಫ್ರಾರೆಡ್ ನೋಡಲು. ವಜ್ರ ಗಟ್ಟಿ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದು ಪಾರದರ್ಶಕವೂ ಹೌದು, ಒತ್ತುತ್ತಿರುವಾಗಲೇ ಒಳಗೆ ಬೆಳಕು ಹಾಯಿಸಬಹುದು ಅನ್ನುವುದೇ ಇಲ್ಲಿ ಕ್ರಾಂತಿ. ಅದಕ್ಕೂ ಮೊದಲು ಪರ್ಸಿ ಬ್ರಿಜ್‌ಮನ್ ಹೈ ಪ್ರೆಷರ್ ಕೆಲಸಕ್ಕೆ 1946ರಲ್ಲೇ ನೊಬೆಲ್ ಪಡೆದಿದ್ದರು. ಆದರೆ ಅವರ ದೊಡ್ಡ ಯಂತ್ರಗಳಲ್ಲಿ ಒಳಗಿರುವುದನ್ನು ಹೀಗೆ ಕಣ್ಣಾರೆ ನೋಡಲು ಆಗುತ್ತಿರಲಿಲ್ಲ.

ರಚನೆ ತಿಳಿಯಲು ಎಕ್ಸ್‌ರೇ ಇದೆಯಲ್ಲ, ರಾಮನ್ ಯಾಕೆ?

ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎಕ್ಸ್‌ರೇ ಡಿಫ್ರಾಕ್ಷನ್ ಪರಮಾಣುಗಳು ಎಲ್ಲಿವೆ ಅಂತ ಹೇಳುತ್ತದೆ. ರಾಮನ್ ಅವು ಹೇಗೆ ಕಂಪಿಸುತ್ತಿವೆ ಅಂತ ಹೇಳುತ್ತದೆ. ಕಂಪನದ ವೇಗ ಬಂಧದ ಬಿಗಿಯ ಮೇಲೆ ನಿಂತಿರುವುದರಿಂದ, ರಚನೆ ಒಂಚೂರು ಓರೆಯಾದರೂ, ಒಂದು ಬಂಧ ಸ್ವಲ್ಪ ಬಿಗಿಯಾದರೂ ಅದು ಯಾವ ಆವರ್ತನದಲ್ಲಿ ಎಷ್ಟು ಬೆಳಕು ಅಂತ ತೋರಿಸುವ ಗ್ರಾಫ್, ಅಂದರೆ ಸ್ಪೆಕ್ಟ್ರಮ್‌ನಲ್ಲಿ ಕಾಣುತ್ತದೆ. ಹೈಡ್ರೋಜನ್‌ನಂಥ ಹಗುರ ಪರಮಾಣುಗಳನ್ನು ಎಕ್ಸ್‌ರೇ ಸರಿಯಾಗಿ ಹಿಡಿಯುವುದಿಲ್ಲ, ರಾಮನ್ ಹಿಡಿಯುತ್ತದೆ. ಮೇಲಾಗಿ ರಾಮನ್ ನಿಮ್ಮ ಲ್ಯಾಬಿನಲ್ಲೇ ಆಗುತ್ತದೆ. ಇಷ್ಟು ಸಣ್ಣ ಸ್ಯಾಂಪಲ್‌ಗೆ ಒಳ್ಳೆಯ ಎಕ್ಸ್‌ರೇ ಬೇಕಿದ್ದರೆ ಸಾಮಾನ್ಯವಾಗಿ ಇಂದೋರ್‌ನ ಇಂಡಸ್-2ರಂಥ, ಬಹಳ ಪ್ರಖರ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರವಾದ ಸಿಂಕ್ರೊಟ್ರಾನ್‌ಗೆ ಅರ್ಜಿ ಹಾಕಿ ಕಾಯಬೇಕು. ಕೈಯಲ್ಲಿ ರಾಮನ್ ಡೇಟಾ ಇದ್ದರೆ ಅಲ್ಲಿ ಯಾವ ಒತ್ತಡದ ಹತ್ತಿರ ಬಿಡಿಬಿಡಿಯಾಗಿ ನೋಡಬೇಕು ಅಂತ ಮೊದಲೇ ಗೊತ್ತಿರುತ್ತದೆ, ಸಿಕ್ಕ ಸಮಯ ಹಾಳಾಗುವುದಿಲ್ಲ.

ಒತ್ತಡ ಏರಿದಾಗ ಪೀಕ್ ಯಾಕೆ ಸರಿಯುತ್ತದೆ? ಸರಿದರೆ ಏನರ್ಥ?

ತಂಬೂರಿಯ ತಂತಿ ಬಿಗಿ ಮಾಡಿದರೆ ಶ್ರುತಿ ಏರುತ್ತದಲ್ಲ, ಹಾಗೆ. ಬಂಧ ಗಿಡ್ಡವಾಗಿ ಬಿಗಿಯಾದರೆ ಕಂಪನದ ಆವರ್ತನ ಏರುತ್ತದೆ, ಪೀಕ್ (ಗ್ರಾಫ್‌ನಲ್ಲಿ ಆ ಕಂಪನದ ಜಾಗದಲ್ಲಿ ಏಳುವ ಮೊನೆ) ಬಲಕ್ಕೆ ಹೋಗುತ್ತದೆ. ಸಿಲಿಕಾನ್‌ನ ಪೀಕ್ ಮಾಮೂಲಿ ಒತ್ತಡದಲ್ಲಿ 520 ವೇವ್‌ನಂಬರ್‌ನಲ್ಲಿರುತ್ತದೆ (ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ ಇದು, ಮುಂದೆ ಬರುವ ಪೀಕ್‌ಗಳ ಅಂಕಿಗಳೂ ಇದರಲ್ಲೇ). ಪ್ರತಿ ಗಿಗಾಪ್ಯಾಸ್ಕಲ್‌ಗೆ ಸುಮಾರು 5.2ರಷ್ಟು ಮೇಲಕ್ಕೆ ಸರಿಯುತ್ತದೆ. ಈ ಎರಡು ಅಂಕಿಗಳ ಜೊತೆ ಸಿಲಿಕಾನ್‌ನ ಬಲ್ಕ್ ಮಾಡ್ಯುಲಸ್ (ಕುಗ್ಗುವುದಕ್ಕೆ ಹರಳು ಎಷ್ಟು ಅಡ್ಡಿ ಮಾಡುತ್ತದೆ ಅನ್ನುವ ಅಳತೆ), ಅಂದರೆ ಸುಮಾರು 98 ಗಿಗಾಪ್ಯಾಸ್ಕಲ್, ಸೇರಿಸಿ ನೋಡಿ: 98ನ್ನು 5.2ರಿಂದ ಗುಣಿಸಿ 520ರಿಂದ ಭಾಗಿಸಿದರೆ 0.98. ಇದೇ ಗ್ರುನೈಸನ್ ಪ್ಯಾರಾಮೀಟರ್. ಗಾತ್ರ 1 ಪರ್ಸೆಂಟ್ ಕುಗ್ಗಿದರೆ ಆವರ್ತನ ಎಷ್ಟು ಪರ್ಸೆಂಟ್ ಏರುತ್ತದೆ ಅಂತ ಅದು ಹೇಳುತ್ತದೆ. ಸುಮ್ನೆ ಪೀಕ್ ಎಷ್ಟು ಸರಿಯಿತು ಅಂತ ಬರೆದು ಬಿಡಬೇಡಿ, ಈ ಅಂಕಿಯನ್ನೂ ಲೆಕ್ಕ ಹಾಕಿ. ಆಗಲೇ ಮೆತ್ತಗಿನ ಹರಳನ್ನೂ ಗಟ್ಟಿ ಹರಳನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಲು ಆಗುವುದು.

ಪೀಕ್ ನೆಟ್ಟಗೆ ಒಂದೇ ಗೆರೆಯಲ್ಲಿ ಸರಿಯುತ್ತಿದ್ದರೆ ಹರಳು ಕುಗ್ಗುತ್ತಿದೆ ಅಷ್ಟೇ, ರಚನೆ ಬದಲಾಗಿಲ್ಲ. ಗಮನ ಇಡಬೇಕಾದ್ದು ಗೆರೆಯ ಇಳಿಜಾರು ತಟ್ಟನೆ ಬದಲಾದಾಗ, ಒಂದು ಪೀಕ್ ಎರಡಾಗಿ ಸೀಳಿದಾಗ, ಹೊಸ ಪೀಕ್ ಎದ್ದಾಗ, ಹಳೆಯದು ಮಾಯವಾದಾಗ. ಒಂದು ಸೀಳಿದರೆ ಸಾಮಾನ್ಯವಾಗಿ ಹರಳಿನ ಸಿಮೆಟ್ರಿ ಇಳಿದಿದೆ ಎಂದರ್ಥ. ಕಡಿಮೆ ಆವರ್ತನದಲ್ಲಿ, ಅಂದರೆ 300ಕ್ಕಿಂತ ಕೆಳಗೆ, ಹೊಸ ಪೀಕ್‌ಗಳು ಎದ್ದರೆ ಇಡೀ ಜಾಲವೇ ಬೇರೆ ರೀತಿ ಜೋಡಿಸಿಕೊಂಡಿರಬಹುದು. ಅದಕ್ಕೇ ಲೇಸರ್‌ನ ಬೆಳಕನ್ನು ತಡೆಯುವ ನಿಮ್ಮ ಫಿಲ್ಟರ್ ಎಷ್ಟು ಕೆಳಗಿನವರೆಗೆ ಬಿಡುತ್ತದೆ ಅಂತ ಮೊದಲು ವಿಚಾರಿಸಿಕೊಳ್ಳಿ. 100ರಲ್ಲೇ ಕತ್ತರಿಸುವ ಫಿಲ್ಟರ್ ಇಟ್ಟುಕೊಂಡು ಇಂಥ ಕೆಲಸಕ್ಕೆ ಕೂತರೆ ಅರ್ಧ ಕಥೆ ಕಾಣುವುದೇ ಇಲ್ಲ.

ಕೆಲವು ಪೀಕ್‌ಗಳು ಎಡಕ್ಕೂ ಹೋಗುತ್ತವೆ ಅಂತಾರೆ. ಅದು ಹೇಗೆ?

ಹೌದು, ಮತ್ತು ಅವೇ ಹೆಚ್ಚು ಮಜಾ. ಮಂಜುಗಡ್ಡೆ ನೋಡಿ. ರೂಮ್ ಟೆಂಪರೇಚರ್‌ನಲ್ಲೇ ನೀರನ್ನು ಒತ್ತಿದರೆ ಸುಮಾರು 1 ಗಿಗಾಪ್ಯಾಸ್ಕಲ್‌ನಲ್ಲಿ ಅದು ಐಸ್-6 ಆಗಿ ಗಟ್ಟಿಯಾಗುತ್ತದೆ, 2 ದಾಟಿದ ಮೇಲೆ ಐಸ್-7 ಆಗುತ್ತದೆ. ಮುಂದೆ ಒತ್ತುತ್ತಾ ಹೋದರೆ ಆಮ್ಲಜನಕ–ಹೈಡ್ರೋಜನ್ ಬಂಧದ ಕಂಪನ ಏರುವ ಬದಲು ಇಳಿಯುತ್ತದೆ. ಪಕ್ಕದ ಆಮ್ಲಜನಕ ಹತ್ತಿರ ಬಂದು ಹೈಡ್ರೋಜನ್ ಅನ್ನು ತನ್ನ ಕಡೆ ಎಳೆಯುತ್ತದೆ, ಮೊದಲಿನ ಬಂಧ ಸಡಿಲವಾಗುತ್ತದೆ. ಕೊನೆಗೆ 60 ಗಿಗಾಪ್ಯಾಸ್ಕಲ್‌ಗಿಂತ ಮೇಲೆ ಹೈಡ್ರೋಜನ್ ಎರಡು ಆಮ್ಲಜನಕಗಳ ಸರಿಯಾಗಿ ನಡುವೆ ನಿಲ್ಲುತ್ತದೆ. ಅದನ್ನು ಐಸ್-10 ಅನ್ನುತ್ತಾರೆ, ಅಲ್ಲಿ ನೀರಿನ ಅಣು ಅಂತ ಬೇರೆಯಾಗಿ ಉಳಿದಿರುವುದೇ ಇಲ್ಲ.

ರಚನೆ ಬದಲಾಗುವ ಪರಿವರ್ತನೆ ಹತ್ತಿರ ಬಂದ ಹಾಗೆ ಒಂದು ಕಂಪನದ ಆವರ್ತನ ಇಳಿಯುತ್ತಾ ಹೋಗುವುದಕ್ಕೆ ಸಾಫ್ಟ್ ಮೋಡ್ ಅನ್ನುತ್ತಾರೆ. ಇದನ್ನು ಮೊದಲು ಕಂಡವರಲ್ಲಿ ನಮ್ಮವರೂ ಇದ್ದಾರೆ. ಸಿ.ವಿ. ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿ 1940ರಲ್ಲಿ ಬೆಂಗಳೂರಿನಿಂದಲೇ ಕ್ವಾರ್ಟ್ಜ್ ಬಗ್ಗೆ ಬರೆದರು. 573 ಡಿಗ್ರಿ ಸೆಲ್ಸಿಯಸ್‌ನ ಪರಿವರ್ತನೆಗೆ ಹತ್ತಿರವಾಗುತ್ತಿದ್ದಂತೆ 207ರ ಪೀಕ್ ಅಗಲವಾಗಿ ಕೆಳಕ್ಕೆ ಜಾರುತ್ತದೆ ಅಂತ ಅವರು ತೋರಿಸಿದ್ದು. ಅದು ಉಷ್ಣತೆಯ ಪ್ರಯೋಗ, ಒತ್ತಡದ್ದಲ್ಲ. ಆದರೆ ಇಂದು ನಾವು ಒತ್ತಡದಲ್ಲಿ ಹುಡುಕುವುದೂ ಇದೇ ಗುರುತನ್ನು.

ಒಳಗಿನ ಒತ್ತಡ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮಾಣಿಕ್ಯದಿಂದ. ಸ್ಯಾಂಪಲ್ ಪಕ್ಕದಲ್ಲಿ ಕೆಲವೇ ಮೈಕ್ರಾನ್‌ನ ಒಂದು ಚೂರು ಇಟ್ಟು ಹಸಿರು ಲೇಸರ್ ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಆ ಹೊಳಪಿನಲ್ಲಿ ಆರ್1, ಆರ್2 ಎಂಬ ಎರಡು ಚೂಪು ಗೆರೆಗಳಿವೆ. ಆರ್1 ಮಾಮೂಲಿಯಾಗಿ 694.2 ನ್ಯಾನೋಮೀಟರ್‌ನಲ್ಲಿರುತ್ತದೆ, ಪ್ರತಿ ಗಿಗಾಪ್ಯಾಸ್ಕಲ್‌ಗೆ ಸುಮಾರು 0.365 ನ್ಯಾನೋಮೀಟರ್ ಸರಿಯುತ್ತದೆ. 1972ರಲ್ಲಿ ಇದನ್ನು ತೋರಿಸಿದ್ದು ಅದೇ ಬ್ಯೂರೋದವರು. ಅದಕ್ಕೂ ಮುಂಚೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿ ಅಂದಾಜು ಮಾಡಬೇಕಿತ್ತು, ಇಲ್ಲವೇ ಒಳಗೆ ಗೊತ್ತಿರುವ ಯಾವುದಾದರೂ ವಸ್ತು ಯಾವಾಗ ಬದಲಾಗುತ್ತದೆ ಅಂತ ಕಾಯಬೇಕಿತ್ತು.

ಎರಡು ಎಚ್ಚರಿಕೆ. ಮಾಣಿಕ್ಯದ ಗೆರೆ ಬಿಸಿಗೂ ಸರಿಯುತ್ತದೆ. ಐದಾರು ಡಿಗ್ರಿ ಬಿಸಿಯಾದರೆ ಸುಮಾರು 0.1 ಗಿಗಾಪ್ಯಾಸ್ಕಲ್ ಸುಳ್ಳು ಒತ್ತಡ ಕಾಣುತ್ತದೆ, ಹಾಗಾಗಿ ಅದಕ್ಕೆ ಲೇಸರ್ ಆದಷ್ಟು ಕಡಿಮೆ ಇಡಿ. ಎರಡನೆಯದು, ಪ್ರತಿ ಸಲ ಸ್ಪೆಕ್ಟ್ರಮ್ ತೆಗೆಯುವ ಮೊದಲೂ ನಂತರವೂ ಮಾಣಿಕ್ಯ ನೋಡಿ. ಸ್ಕ್ರೂ ತಿರುಗಿಸಿದ ಮೇಲೂ ಒತ್ತಡ ಒಂದಷ್ಟು ಹೊತ್ತು ಏರುತ್ತಲೇ ಇರುತ್ತದೆ. ಮೊದಲಿನ ಅಂಕಿ ಒಂದನ್ನೇ ಬರೆದುಕೊಂಡರೆ ಗ್ರಾಫ್ ಸುಮ್ನೆ ಕುಣಿಯುತ್ತದೆ.

ಮೀಡಿಯಂ ಯಾವುದು ಹಾಕಲಿ? ಹಾಕದೆಯೇ ಮಾಡಬಹುದಾ?

ನನ್ನ ಪ್ರಕಾರ ಇದೇ ಇಡೀ ಪ್ರಯೋಗದ ಜೀವಾಳ, ಆದರೆ ಜನ ಕೊನೆಗೆ ಯೋಚಿಸುವುದೂ ಇದನ್ನೇ. ಎರಡು ವಜ್ರಗಳು ಮೇಲೆ ಕೆಳಗೆ ಮಾತ್ರ ಒತ್ತುತ್ತವೆ. ಎಲ್ಲ ಕಡೆಯಿಂದ ಸಮನಾಗಿ ಒತ್ತಲು ಸುತ್ತ ದ್ರವ ಬೇಕು, ಅದೇ ಮೀಡಿಯಂ. ಮೀಡಿಯಂ ಇಲ್ಲದೆ ಒತ್ತಿದರೆ ಹರಳು ಒಂದು ದಿಕ್ಕಿನಲ್ಲಿ ನುಜ್ಜಾಗುತ್ತದೆ, ಪೀಕ್ ಅಗಲವಾಗುತ್ತದೆ, ಸೀಳಬಹುದು ಕೂಡ. ಅದನ್ನು ನೋಡಿ ಹೊಸ ಫೇಸ್ (ಬೇರೆ ಜೋಡಣೆಯ ರೂಪ) ಸಿಕ್ಕಿತು ಅಂತ ಖುಷಿಪಟ್ಟರೆ ಮುಂದೆ ಬೇರೆಯವರು ಒಳ್ಳೆಯ ಮೀಡಿಯಂನಲ್ಲಿ ಮಾಡಿದಾಗ ಆ ಫೇಸ್ ಕಾಣಿಸುವುದೇ ಇಲ್ಲ.

ಎಲ್ಲರ ಕೈಗೆ ಸಿಗುವುದು ಮೆಥನಾಲ್–ಎಥನಾಲ್ ಮಿಶ್ರಣ, 4ಕ್ಕೆ 1ರಂತೆ. ಸುಮಾರು 10 ಗಿಗಾಪ್ಯಾಸ್ಕಲ್‌ವರೆಗೆ ಇದು ಒಳ್ಳೆಯ ದ್ರವದ ಹಾಗೆ ನಡೆದುಕೊಳ್ಳುತ್ತದೆ, ಆಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ನಿಮ್ಮ ದೊಡ್ಡ ಬದಲಾವಣೆ ಸರಿಯಾಗಿ 10ರ ಹತ್ತಿರ ಕಂಡಿತಾ? ಹಾಗಾದರೆ ಮೊದಲ ಅನುಮಾನ ಮೀಡಿಯಂ ಮೇಲೇ ಬರಲಿ. ಮಾಣಿಕ್ಯವನ್ನೇ ಕೇಳಿ: ಆರ್1, ಆರ್2 ಅಗಲವಾಗಿ ಒಂದರೊಳಗೊಂದು ಬೆರೆಯುತ್ತಿದ್ದರೆ ಒತ್ತಡ ಸಮನಾಗಿಲ್ಲ. ಇನ್ನೂ ಮೇಲೆ ಹೋಗಲು ನಿಯಾನ್ ಅಥವಾ ಹೀಲಿಯಂ ಬೇಕು. ಹೀಲಿಯಂ 12ರ ಸುಮಾರಿಗೆ ಗಟ್ಟಿಯಾದರೂ ತುಂಬ ಮೆತ್ತಗಿನ ಘನ, ಆದ್ದರಿಂದ ಬಹಳ ಮೇಲಿನವರೆಗೂ ನಡೆಯುತ್ತದೆ. ಆದರೆ ಗ್ಯಾಸ್ ತುಂಬಲು ಬೇರೆಯೇ ಯಂತ್ರ ಬೇಕು, ಎಲ್ಲ ಕಡೆ ಇರುವುದಿಲ್ಲ.

ಮೀಡಿಯಂ ಸ್ಯಾಂಪಲ್ ಒಳಗೇ ನುಗ್ಗುವ ಸಂದರ್ಭಗಳೂ ಇವೆ. ನ್ಯಾಟ್ರೊಲೈಟ್ ಎಂಬ ಜಿಯೊಲೈಟ್ (ಸಣ್ಣ ರಂಧ್ರಗಳಿರುವ ಖನಿಜ) ಅನ್ನು ನೀರಿರುವ ದ್ರವದಲ್ಲಿ ಒತ್ತಿದರೆ ನೀರು ಅದರ ರಂಧ್ರಗಳಿಗೆ ಹೋಗಿ ಅದು ಕುಗ್ಗುವ ಬದಲು ಹಿಗ್ಗುತ್ತದೆ. ಸಿಲಿಕಾ ಗಾಜಿನೊಳಗೆ ಹೀಲಿಯಂ ಹೋಗುತ್ತದೆ. ನಿಮ್ಮ ಸ್ಯಾಂಪಲ್‌ನಲ್ಲಿ ರಂಧ್ರ, ಪದರ ಏನಾದರೂ ಇದ್ದರೆ ಎರಡು ಬೇರೆ ಮೀಡಿಯಂಗಳಲ್ಲಿ ಮಾಡಿ ಹೋಲಿಸದೆ ಏನನ್ನೂ ಹೇಳಬೇಡಿ.

ವಜ್ರದ್ದೇ ರಾಮನ್ ಬಂದು ಅಡ್ಡ ನಿಲ್ಲುವುದಿಲ್ವಾ?

ನಿಲ್ಲುತ್ತದೆ. 1332ರಲ್ಲಿ ಅದರ ಪೀಕ್ ಬಹಳ ಜೋರು. ಒತ್ತಡ ಏರಿದಾಗ ಕ್ಯೂಲೆಟ್ ಹತ್ತಿರದ ಭಾಗ ಬಲಕ್ಕೆ ಹರಡುತ್ತದೆ. ಆ ಜಾಗದ ಪೀಕ್‌ಗಳನ್ನು ಮರೆತುಬಿಡಿ, ಗ್ರ್ಯಾಫೀನ್ (ಒಂದೇ ಪದರದ ಇಂಗಾಲ) ಮಾಡುವವರ ಡಿ ಬ್ಯಾಂಡ್ ಎಂಬ ಪೀಕ್ ಅಲ್ಲೇ ಹೂತುಹೋಗುತ್ತದೆ. ಫೋಕಸ್ ಆದ ಜಾಗದ ಬೆಳಕನ್ನು ಮಾತ್ರ ಬಿಡುವ ಸಣ್ಣ ಕನ್ಫೋಕಲ್ ಪಿನ್‌ಹೋಲ್ ಇಟ್ಟರೆ ವಜ್ರದ ಪಾಲು ಒಂದಷ್ಟು ಕಡಿಮೆಯಾಗುತ್ತದೆ. ಫ್ಲೋರೆಸೆನ್ಸ್ (ಲೇಸರ್ ಬಿದ್ದಾಗ ವಜ್ರವೇ ಹೊಳೆಯುವುದು) ಕಡಿಮೆ ಇರುವ ವಜ್ರವನ್ನೇ ಆರಿಸಿ ಕೊಳ್ಳಿ, ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ವರ್ಷಗಟ್ಟಲೆ ಬ್ಯಾಕ್‌ಗ್ರೌಂಡ್ ಕಳೆಯುತ್ತಾ ಕೂರಬೇಕು. ಇನ್‌ಫ್ರಾರೆಡ್‌ಗಾದರೆ ನೈಟ್ರೋಜನ್ ಇಲ್ಲದ ಟೈಪ್ 2ಎ ವಜ್ರ ಬೇಕು. ಆಗಲೂ 1800ರಿಂದ 2700ರ ನಡುವೆ ವಜ್ರವೇ ಬೆಳಕು ಹೀರುತ್ತದೆ.

ಪೀಕ್‌ಗಳೆಲ್ಲ ಮಾಯವಾದವು. ಹರಳು ಲೋಹವಾಯಿತು ಅಂತ ಬರೆಯಲಾ?

ಅವಸರ ಬೇಡ. ಲೋಹವಾಗಿರಬಹುದು, ಅಮಾರ್ಫಸ್ (ಗಾಜಿನಂತೆ ಕ್ರಮವಿಲ್ಲದ್ದು) ಆಗಿರಬಹುದು, ಹೊಸ ರಚನೆಯಲ್ಲಿ ರಾಮನ್ ಪೀಕ್‌ಗೆ ಅವಕಾಶವೇ ಇಲ್ಲದಿರಬಹುದು. ಸ್ಯಾಂಪಲ್ ಫೋಕಸ್‌ನಿಂದ ಸರಿದಿರಬಹುದು, ಲೇಸರ್‌ಗೆ ಸುಟ್ಟುಹೋಗಿರಬಹುದು. ಕಪ್ಪು ಸ್ಯಾಂಪಲ್ ಆದರೆ ಕೆಲವು ಮಿಲಿವ್ಯಾಟ್ ಕೂಡ ಜಾಸ್ತಿಯೇ. ಪವರ್ ಅರ್ಧಕ್ಕೆ ಇಳಿಸಿ ಮತ್ತೆ ತೆಗೆಯಿರಿ. ಪೀಕ್ ಜಾಗ ಬದಲಾದರೆ ನೀವು ಇಷ್ಟು ಹೊತ್ತು ನೋಡಿದ್ದು ಬಿಸಿಯನ್ನು. ಲೋಹ ಅನ್ನಲು ರೆಸಿಸ್ಟೆನ್ಸ್ ಅಳೆಯಬೇಕು ಅಥವಾ ಇನ್‌ಫ್ರಾರೆಡ್ ಪ್ರತಿಫಲನ ನೋಡಬೇಕು.

ಹಾಗೆಯೇ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವುದನ್ನು ಬಿಡಬೇಡಿ. ರಾಮನ್ ಅವರ ಶಿಷ್ಯರಾಗಿ ಬೆಂಗಳೂರಿನಲ್ಲಿ ಕೆಲಸ ಮಾಡಿ ಆಮೇಲೆ ಬೆಲ್ ಲ್ಯಾಬ್ಸ್‌ಗೆ ಹೋದ ಎ. ಜಯರಾಮನ್ ಮತ್ತು ಅವರ ಜೊತೆಗಾರರು 1970ರಲ್ಲಿ ಸಮೇರಿಯಂ ಸಲ್ಫೈಡ್ ಬಗ್ಗೆ ವರದಿ ಮಾಡಿದರು. ಬರೀ 0.65 ಗಿಗಾಪ್ಯಾಸ್ಕಲ್‌ನಲ್ಲಿ ಆ ಕಪ್ಪು ಹರಳು ಲೋಹವಾಗುತ್ತದೆ, ಬಣ್ಣ ಚಿನ್ನದ್ದಾಗುತ್ತದೆ. ಡಿಎಸಿ ಕೆಲಸ ಏನು ಅಂತ ಇಡಿಯಾಗಿ ತಿಳಿಯಬೇಕಿದ್ದರೆ 1983ರಲ್ಲಿ ಜಯರಾಮನ್ ಬರೆದ ದೊಡ್ಡ ವಿಮರ್ಶಾ ಲೇಖನ ಇವತ್ತಿಗೂ ಓದಬೇಕಾದ್ದೇ.

ಒತ್ತಡ ಇಳಿಸುವಾಗಲೂ ಸ್ಪೆಕ್ಟ್ರಮ್ ತೆಗೆಯಬೇಕಾ? ಸಂಜೆ ಆಗಿಬಿಟ್ಟಿರುತ್ತದೆ...

ತೆಗೆಯಲೇಬೇಕು. ಸಿಲಿಕಾನ್ ಕಥೆ ಕೇಳಿ. ಏರಿಸುವಾಗ 11–12 ಗಿಗಾಪ್ಯಾಸ್ಕಲ್ ಹತ್ತಿರ ಅದು ಬೀಟಾ-ತವರದ ರಚನೆಗೆ ಹೋಗಿ ಲೋಹವಾಗುತ್ತದೆ, 520ರಿಂದ ಹೊರಟಿದ್ದ ಪೀಕ್ ಕಾಣೆಯಾಗುತ್ತದೆ. ಇಳಿಸಿದಾಗ ಮತ್ತೆ ಮೊದಲಿನ ಸಿಲಿಕಾನ್ ಬರಬೇಕು ಅಲ್ವಾ? ಬರುವುದಿಲ್ಲ. ಆರ್8, ಬಿಸಿ8 ಎಂಬ ಬೇರೆ ರಚನೆಗಳು ಬರುತ್ತವೆ. 350 ಮತ್ತು 430ರ ಸುತ್ತ ಪೀಕ್ ಕಂಡರೆ ಅವೇ. ಸಿಲಿಕಾನ್ ವೇಫರ್ ಮೇಲೆ ವಜ್ರದ ಮೊನೆ ಒತ್ತಿ ನೋಡುವ ಪ್ರಯೋಗದಲ್ಲಂತೂ ನಿಧಾನ ಬಿಟ್ಟರೆ ಈ ಫೇಸ್‌ಗಳು, ಬೇಗ ಬಿಟ್ಟರೆ ಅಮಾರ್ಫಸ್ ಸಿಲಿಕಾನ್. ಇಳಿಸಿದ ವೇಗವೇ ಫಲಿತಾಂಶ ಬದಲಿಸುತ್ತದೆ! ಏರಿಸುವ ಡೇಟಾ ಮಾತ್ರ ಇರುವ ಗ್ರಾಫ್ ಕಂಡರೆ ನನಗೆ ಬೇಸರವಾಗುತ್ತದೆ. ಹೊಸ ಫೇಸ್ ಒತ್ತಡ ಹೋದ ಮೇಲೂ ಉಳಿಯುತ್ತದಾ ಅನ್ನುವುದು ಬಹಳ ಸಲ ಎಲ್ಲಕ್ಕಿಂತ ಉಪಯೋಗದ ಸಂಗತಿ. ಸಂಜೆಯಾಗಿದ್ದರೆ ಸೆಲ್ ಅನ್ನು ಹಾಗೇ ಬಿಟ್ಟು ಮಾರನೇ ದಿನ ಇಳಿಸಿ.

ಪ್ರಕೃತಿಯಲ್ಲಿ ಹೀಗೆ ಒತ್ತಡ ಉಳಿಸಿಕೊಂಡ ಹರಳು ಸಿಗುತ್ತದಾ?

ಸಿಗುತ್ತದೆ, ವಜ್ರದೊಳಗೇ. ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ ಒಂದು ವಜ್ರದೊಳಗೆ ಸಣ್ಣ ರಿಂಗ್‌ವುಡೈಟ್ ಚೂರು ಇದೆ ಅಂತ 2014ರಲ್ಲಿ ಪ್ರಕಟವಾಯಿತು. ಲ್ಯಾಬಿನಲ್ಲಿ ಮಾಡಿದ್ದು, ಉಲ್ಕೆಗಳಲ್ಲಿ ಕಂಡಿದ್ದು ಬಿಟ್ಟರೆ ಭೂಮಿಯ ಆಳದಿಂದಲೇ ಬಂದ ರಿಂಗ್‌ವುಡೈಟ್ ಅದೇ ಮೊದಲು. ರಾಮನ್, ಇನ್‌ಫ್ರಾರೆಡ್, ಎಕ್ಸ್‌ರೇ ಮೂರನ್ನೂ ಬಳಸಿ ಗುರುತಿಸಿದರು. ಇನ್‌ಫ್ರಾರೆಡ್‌ನಲ್ಲಿ ಕಂಡ ಹೈಡ್ರಾಕ್ಸಿಲ್ ಪೀಕ್‌ಗಳಿಂದ ಅದರಲ್ಲಿ ತೂಕದ ಒಂದರಿಂದ ಒಂದೂವರೆ ಪರ್ಸೆಂಟ್‌ನಷ್ಟು ನೀರಿದೆ ಅಂತ ಗೊತ್ತಾಯಿತು. ಐನೂರು ಕಿಲೋಮೀಟರ್‌ಗಿಂತ ಆಳದ ಕಲ್ಲಿನಲ್ಲಿ ನೀರು! ವಜ್ರದ ಕಿಟಕಿಯಿಂದ ಬೆಳಕು ಹಾಯಿಸಿ ಒಳಗಿನ ಹರಳು ನೋಡುವುದು, ನಾವು ದಿನಾ ಮಾಡುವ ಕೆಲಸವೇ ಇದು. ಇಲ್ಲಿ ಸೆಲ್ ಕಟ್ಟಿದ್ದು ಭೂಮಿ.

ವಜ್ರ ಒಡೆಯುತ್ತದಾ? ಸೆಲ್ ಸಿಡಿಯುತ್ತದಾ?

ಒಡೆಯುತ್ತದೆ. ಅಲೈನ್‌ಮೆಂಟ್ ಸರಿಯಿಲ್ಲದೆ ಒಂದು ಅಂಚು ಇನ್ನೊಂದಕ್ಕೆ ತಾಗಿದರೆ, ಗ್ಯಾಸ್ಕೆಟ್ ತೀರಾ ತೆಳುವಾಗಿ ಎರಡು ಮುಖ ಕೂಡಿಕೊಂಡರೆ, ಬೇಗ ಬೇಗ ಇಳಿಸಿದರೆ. ದುಬಾರಿ, ಆದರೆ ಅಪಾಯವಲ್ಲ. ಒಳಗಿನ ಗಾತ್ರ ಅಷ್ಟು ಚಿಕ್ಕದಾದ್ದರಿಂದ ಅದರಲ್ಲಿ ಕೂಡಿಟ್ಟ ಶಕ್ತಿಯೂ ತೀರಾ ಕಡಿಮೆ. ಹುಷಾರಾಗಿರಬೇಕಾದ್ದು ಲೇಸರ್ ಮತ್ತು ಗ್ಯಾಸ್ ತುಂಬುವ ಯಂತ್ರದ ಹತ್ತಿರ.

ಮೊದಲ ಸಲ ಯಾವ ಸ್ಯಾಂಪಲ್ ಹಾಕಲಿ?

ಕ್ಯಾಲ್ಸೈಟ್. ಅಗ್ಗ, ಪಾರದರ್ಶಕ, ಎಲ್ಲ ಕಡೆ ಸಿಗುತ್ತದೆ, ರಾಮನ್ ಜೋರು. ಬ್ರಿಜ್‌ಮನ್ ಕಾಲದಿಂದ ಅದರ ಪರಿವರ್ತನೆಗಳು ಗೊತ್ತಿವೆ: ಸುಮಾರು 1.5 ಗಿಗಾಪ್ಯಾಸ್ಕಲ್‌ನಲ್ಲಿ ಕ್ಯಾಲ್ಸೈಟ್-2, 2 ದಾಟಿದ ಸ್ವಲ್ಪಕ್ಕೇ ಕ್ಯಾಲ್ಸೈಟ್-3. ಮೊದಲು 155, 281, 712, 1086ರಲ್ಲಿ ನಾಲ್ಕು ಮುಖ್ಯ ಪೀಕ್ ಕಾಣುತ್ತವೆ. ಪರಿವರ್ತನೆ ದಾಟುತ್ತಿದ್ದಂತೆ ಕೆಳಗಿನ ಆವರ್ತನದಲ್ಲಿ ಹೊಸ ಪೀಕ್‌ಗಳು ಏಳುತ್ತವೆ, 712ರದ್ದು ಸೀಳುತ್ತದೆ. ಇಳಿಸಿದರೆ ಮತ್ತೆ ಮೊದಲಿನ ಕ್ಯಾಲ್ಸೈಟ್. 3 ಗಿಗಾಪ್ಯಾಸ್ಕಲ್‌ನೊಳಗೇ ಎಲ್ಲ ಮುಗಿಯುವುದರಿಂದ ವಜ್ರಕ್ಕೂ ಕಷ್ಟವಿಲ್ಲ. 0.2ರಂತೆ ಸಣ್ಣ ಸಣ್ಣ ಹೆಜ್ಜೆ ಇಡಿ. ಎಥನಾಲ್ ಹಾಕಿದ್ದರೆ 1086ರ ಪಕ್ಕದಲ್ಲೇ ಅದರದ್ದೂ ಒಂದು ಸಣ್ಣ ಪೀಕ್ ಬರುತ್ತದೆ, ಹಾಗಾಗಿ ಪ್ರತಿ ಒತ್ತಡದಲ್ಲೂ ಲೇಸರ್ ಅನ್ನು ಸ್ಯಾಂಪಲ್‌ನಿಂದ ಪಕ್ಕಕ್ಕೆ ಸರಿಸಿ ಬರೀ ದ್ರವದ ಸ್ಪೆಕ್ಟ್ರಮ್ ಒಂದನ್ನೂ ತೆಗೆದಿಟ್ಟುಕೊಳ್ಳಿ.